ಕುಲಪತಿಯ ಕುರ್ಚಿಗೆ ದಾರಿ ತರಗತಿಯಿಂದಲೇ ಸಾಗಲಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2025ರ ಜನವರಿ 6ರಂದು ಹೊರಡಿಸಿದ ಕರಡು ನಿಯಮಾವಳಿ ಕರ್ನಾಟಕದಲ್ಲಿ ದೊಡ್ಡ ಚರ್ಚೆಯನ್ನೇ ಹುಟ್ಟಿಸಿತು. ಮರುತಿಂಗಳು ಬೆಂಗಳೂರಿನಲ್ಲಿ ನಡೆದ ಉನ್ನತ ಶಿಕ್ಷಣ ಸಚಿವರ ಸಮಾವೇಶದಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳು ಅದನ್ನು ವಿರೋಧಿಸಿ ನಿರ್ಣಯ ಕೈಗೊಂಡವು. ಆದರೆ ಮಾತಿನ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಕುಲಪತಿಯನ್ನು ಆರಿಸುವ ಅಧಿಕಾರ ರಾಜ್ಯ ಸರ್ಕಾರದ್ದೋ, ಕುಲಾಧಿಪತಿಯಾದ ರಾಜ್ಯಪಾಲರದ್ದೋ? ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ಅದು ಮುಖ್ಯವಾದ ಪ್ರಶ್ನೆಯೇ. ಆದರೆ ಯಾರು ಆರಿಸಬೇಕು ಎಂಬ ಜಗಳದಲ್ಲಿ ಎಂಥವರನ್ನು ಆರಿಸಬೇಕು ಎಂಬುದು ಹಿಂದೆ ಸರಿಯಿತು. ಯುಜಿಸಿಯ 2018ರ ನಿಯಮದ ಪ್ರಕಾರ ಕುಲಪತಿಯಾಗುವವರು ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷ ದುಡಿದಿರಬೇಕು, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಅಷ್ಟೇ ಕಾಲ ವಿದ್ವತ್ತಿನ ನಾಯಕತ್ವ ತೋರಿರಬೇಕು. ಹೊಸ ಕರಡು ಇದರ ಜೊತೆಗೆ ಇನ್ನೊಂದು ವರ್ಗವನ್ನು ಸೇರಿಸಿತು. ಉದ್ಯಮ, ಸಾರ್ವಜನಿಕ ಆಡಳಿತ, ಸಾರ್ವಜನಿಕ ನೀತಿ ಅಥವಾ ಸಾರ್ವಜನಿಕ ವಲಯದ ಉದ್ದಿಮೆಗಳ ಹಿರಿಯ ಹುದ್ದೆಯಲ್ಲಿ 10 ವರ್ಷ ಇದ್ದವರೂ ಇನ್ನು ಕುಲಪತಿಯಾಗಬಹುದು. ಒಂದು ದಿನವೂ ಪಾಠ ಹೇಳಿರಬೇಕೆಂಬ ಷರತ್ತು ಈ ವರ್ಗಕ್ಕೆ ಇಲ್ಲ.

ಇದರ ಪಕ್ಕದಲ್ಲಿ ಅದೇ ಯುಜಿಸಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಇಟ್ಟು ಓದಬೇಕು. ಉದ್ಯಮ, ಕಲೆ, ಕಾನೂನು, ಪತ್ರಿಕೋದ್ಯಮ, ಸೇನೆ ಮೊದಲಾದ ಕ್ಷೇತ್ರಗಳಲ್ಲಿ ಕನಿಷ್ಠ 15 ವರ್ಷ ಪಳಗಿದವರನ್ನು 'ಪ್ರೊಫೆಸರ್ ಆಫ್ ಪ್ರ್ಯಾಕ್ಟಿಸ್' ಎಂದು ನೇಮಿಸಿಕೊಳ್ಳಲು ಅದು ಅವಕಾಶ ಕೊಟ್ಟಿತು. ಅವರಿಗೆ ಪಿಎಚ್.ಡಿ. ಬೇಕಿಲ್ಲ, ಎನ್‌ಇಟಿ ಬೇಕಿಲ್ಲ. ಉದಾರವಾದ ಯೋಜನೆ ಎನ್ನಿಸುತ್ತದೆ. ಆದರೆ ಇಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ 10ನ್ನು ಮೀರುವಂತಿಲ್ಲ. ಅವರು ಮಂಜೂರಾದ ಹುದ್ದೆಯ ಲೆಕ್ಕಕ್ಕೂ ಸೇರುವುದಿಲ್ಲ. ಮೊದಲು ಒಂದು ವರ್ಷದ ನೇಮಕ, ವಿಸ್ತರಿಸಿದರೆ ಮೂರು ವರ್ಷ, ತೀರಾ ಅಪರೂಪದ ಸಂದರ್ಭದಲ್ಲಿ ನಾಲ್ಕು, ಅಲ್ಲಿಗೆ ಮುಗಿಯಿತು. ಪಿಎಚ್.ಡಿ. ಇದ್ದ ಉದ್ಯಮದವರಿಗೆ ನೇರವಾಗಿ ಪ್ರಾಧ್ಯಾಪಕರಾಗಲು 2018ರ ನಿಯಮದಲ್ಲೇ ಒಂದು ದಾರಿಯಿದೆ. ಉಳಿದವರು ಎಷ್ಟೇ ಚೆನ್ನಾಗಿ ಪಾಠ ಹೇಳಿದರೂ ನಾಲ್ಕನೆಯ ವರ್ಷದ ಕೊನೆಗೆ ಹೊರಡಲೇಬೇಕು. ಅಂದರೆ ಇಪ್ಪತ್ತು ವರ್ಷ ಕಂಪನಿಯಲ್ಲಿದ್ದು ಬಂದ ವ್ಯಕ್ತಿಗೆ ನಮ್ಮ ನೀತಿ ತರಗತಿಯಲ್ಲಿ ತಾತ್ಕಾಲಿಕ ಸ್ಥಾನವನ್ನಷ್ಟೇ ಕೊಡುತ್ತದೆ, ಆದರೆ ಕುಲಪತಿಯ ಕುರ್ಚಿಗೆ ನೇರ ಪ್ರವೇಶ ಕೊಡಲು ಹೊರಟಿದೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಕಾರ್ಪೊರೇಟ್ ಅನುಭವಿಗಳು ವಿಶ್ವವಿದ್ಯಾಲಯಕ್ಕೆ ಬರಬೇಕು, ಈಗಿರುವುದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಕಾಲಕ್ಕೆ ಬರಬೇಕು. ಆದರೆ ಅವರು ಬರಬೇಕಾದದ್ದು ಮೇಷ್ಟರಾಗಿ. ನಾಯಕತ್ವ ಅಲ್ಲಿಂದ ಮುಂದಿನ ಹೆಜ್ಜೆಯಾಗಬೇಕು.

ಅವರು ಬೇಕು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ಎಂಜಿನಿಯರಿಂಗ್, ವಾಣಿಜ್ಯ, ಪತ್ರಿಕೋದ್ಯಮ ವಿಭಾಗಗಳಲ್ಲಿ ಪದವಿ ಮುಗಿಸಿದ ಕೂಡಲೇ ಸಂಶೋಧನೆಗೆ ಸೇರಿ, ಅದು ಮುಗಿದ ಕೂಡಲೇ ಪಾಠಕ್ಕೆ ನಿಂತವರೇ ಹೆಚ್ಚು. ಅದು ಅವರ ತಪ್ಪಲ್ಲ. ನೇಮಕಾತಿಯ ನಿಯಮ ಬಯಸುವುದೇ ಅದನ್ನು. ಆದರೆ ಕೆಲವು ಬಗೆಯ ತಿಳಿವಳಿಕೆ ಕೆಲಸ ಮಾಡಿದವರ ಬಳಿ ಮಾತ್ರ ಇರುತ್ತದೆ. ಎಲ್ಲ ಪರೀಕ್ಷೆಗಳನ್ನೂ ದಾಟಿದ ತಂತ್ರಾಂಶ ಬಳಕೆದಾರರ ಕೈಗೆ ಹೋದ ಮೊದಲ ವಾರವೇ ಏಕೆ ಕುಸಿಯುತ್ತದೆ, ಸೇತುವೆಯೊಂದರ ಟೆಂಡರಿನಲ್ಲಿ ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ ಕೊಟ್ಟರೆ ಮುಂದೆ ಏನಾಗುತ್ತದೆ, ಲಾಭ ತೋರಿಸುವ ಲೆಕ್ಕಪತ್ರದಲ್ಲಿ ಕೈಯಲ್ಲಿ ನಗದು ಇಲ್ಲದಿರುವುದನ್ನು ಎಲ್ಲಿ ಓದಬೇಕು, ಪಾಳಿ ಬದಲಾಗುವ ಹೊತ್ತಿನಲ್ಲೇ ಕಾರ್ಖಾನೆಯ ಅವಘಡಗಳು ಏಕೆ ಹೆಚ್ಚು ಎಂಬುದನ್ನೆಲ್ಲ ಪಠ್ಯಪುಸ್ತಕ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಕಂಡವರು ಅದನ್ನೇ ಒಂದು ತಿಂಗಳ ಪಾಠವಾಗಿಸಬಲ್ಲರು. ಹಾವೇರಿಯ ಅಥವಾ ಕೊಪ್ಪಳದ ವಿದ್ಯಾರ್ಥಿಗೆ ಇಂಥವರ ಸಹವಾಸ ಬೆಂಗಳೂರಿನ ವಿದ್ಯಾರ್ಥಿಗಿಂತ ಹೆಚ್ಚು ಅಗತ್ಯ. ಬೆಂಗಳೂರಿನವನಿಗೆ ಆ ಲೋಕ ನೆಂಟರಿಷ್ಟರ ಮನೆಯಲ್ಲೇ ಪರಿಚಯವಾಗಿರುತ್ತದೆ.

ಆದರೆ ಕೆಲಸ ಬಲ್ಲವರಿಗೆಲ್ಲ ಪಾಠ ಒಲಿಯುವುದಿಲ್ಲ. ಅನುಭವದ ಕಥೆಗಳಿಗೆ ಮೊದಲ ವಾರ ಚಪ್ಪಾಳೆ ಸಿಗುತ್ತದೆ, ಮೂರನೆಯ ವಾರಕ್ಕೆ ಕಥೆ ಮುಗಿದು ಸೆಮಿಸ್ಟರ್ ಉಳಿದಿರುತ್ತದೆ. ಕೆಲಸದಲ್ಲಿ ಯಾವುದು ಮೊದಲು ಬಳಕೆಗೆ ಬರುತ್ತದೆಯೋ ಕಲಿಯುವವನಿಗೆ ಅದೇ ಮೊದಲು ಅರ್ಥವಾಗಬೇಕೆಂದಿಲ್ಲ. ವಿಷಯವನ್ನು ಬಿಡಿಸಿ, ಸುಲಭದಿಂದ ಕಠಿಣಕ್ಕೆ ಮತ್ತೆ ಜೋಡಿಸುವ ಕೌಶಲ ತರಗತಿಯಲ್ಲೇ ಬರಬೇಕು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿ ಬಂದು ಇಂಗ್ಲಿಷ್ ಪಾಠದೆದುರು ಮೌನವಾಗಿ ಕೂತ ಹುಡುಗಿಗೆ ವಿಷಯ ತಿಳಿದಿದೆಯೇ ಇಲ್ಲವೇ ಎಂದು ಅರಿಯುವುದು, ಅರವತ್ತು ಉತ್ತರಪತ್ರಿಕೆಗಳ ನಡುವೆ ನಲವತ್ತನೆಯದನ್ನೂ ಮೊದಲನೆಯದರಷ್ಟೇ ಎಚ್ಚರದಿಂದ ಓದುವುದು, ಬೇರೆ ಯಾರೋ ರೂಪಿಸಿದ ಪಠ್ಯಕ್ರಮವನ್ನು ಒಪ್ಪದಿದ್ದರೂ ಅದರೊಳಗೇ ಪ್ರಾಮಾಣಿಕವಾಗಿ ಕಲಿಸುವುದು, ಆಂತರಿಕ ಅಂಕಕ್ಕಾಗಿ ಬರುವ ಒತ್ತಡವನ್ನು ತಾಳಿಕೊಳ್ಳುವುದು: ಇದೆಲ್ಲ ಅಧ್ಯಾಪಕ ವೃತ್ತಿಯ ನಿತ್ಯದ ದುಡಿಮೆ. ಕಂಪನಿಯಲ್ಲಿ ಕೈಕೆಳಗಿನವನು ಕಲಿಯದಿದ್ದರೆ ಅವನ ಜಾಗಕ್ಕೆ ಮತ್ತೊಬ್ಬ ಬರುತ್ತಾನೆ. ತರಗತಿಯಲ್ಲಿ ಕಲಿಯದವನೇ ಮೇಷ್ಟರ ಮುಖ್ಯ ಹೊಣೆ. ಈ ಒಂದು ವ್ಯತ್ಯಾಸ ಮೈಗೂಡಲು ಕೆಲವು ವರ್ಷಗಳಾದರೂ ಬೇಕು.

ಕುಲಪತಿಗೂ ಅದು ಬೇಕೇ ಎಂದು ಕೇಳಬಹುದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಪ್ರಕಾರ ಸಿಂಡಿಕೇಟಿಗೂ ವಿದ್ಯಾವಿಷಯಕ ಪರಿಷತ್ತಿಗೂ ಕುಲಪತಿಯೇ ಅಧ್ಯಕ್ಷರು. ಯಾವ ವಿಭಾಗ ಮುಂದುವರಿಯಬೇಕು, ಯಾವುದಕ್ಕೆ ಹೊಸ ಹುದ್ದೆ ಕೇಳಬೇಕು, ಯಾವ ಸಂಶೋಧನೆಗೆ ಇನ್ನೂ ಎರಡು ವರ್ಷ ಕಾಯಬೇಕು, ಅಧ್ಯಯನ ಮಂಡಳಿಯ ಶಿಫಾರಸಿನಲ್ಲಿ ಯಾವುದು ವಿದ್ವತ್ತು, ಯಾವುದು ಗುಂಪುಗಾರಿಕೆ ಎಂಬ ತೀರ್ಮಾನಗಳು ಆ ಕುರ್ಚಿಯಲ್ಲಿ ಆಗುತ್ತವೆ. ಇವನ್ನು ಅಂಕಿಅಂಶದ ಪಟ್ಟಿ ನೋಡಿ ನಿರ್ಧರಿಸಲಾಗದು. ಪಟ್ಟಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆಯೂ ಖರ್ಚೂ ಕಾಣುತ್ತವೆ. ಆ ವಿಭಾಗ ಇಲ್ಲವಾದರೆ ನಾಡು ಕಳೆದುಕೊಳ್ಳುವುದೇನು ಎಂಬುದು ಕಾಣುವುದಿಲ್ಲ. ಕಾಣದ್ದನ್ನು ಅಳೆಯುವ ಕಣ್ಣು ವರ್ಷಗಟ್ಟಲೆ ಆ ಲೋಕದಲ್ಲಿ ಬದುಕಿದವರಿಗೆ ಮಾತ್ರ ಬರುತ್ತದೆ.

ಅಮೆರಿಕದಲ್ಲಿ ಈ ಪ್ರಯೋಗ ನಮಗಿಂತ ಮೊದಲು ನಡೆದಿದೆ. ಐಬಿಎಂನಲ್ಲಿ ದೀರ್ಘಕಾಲ ದುಡಿದು, ನೊವೆಲ್ ಕಂಪನಿಯ ಅಮೆರಿಕ ಖಂಡಗಳ ವಿಭಾಗದ ಅಧ್ಯಕ್ಷರಾಗಿದ್ದ ಟಿಮ್ ವುಲ್ಫ್ 2012ರ ಫೆಬ್ರುವರಿಯಲ್ಲಿ ಮಿಸೌರಿ ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷರಾದರು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಅದಕ್ಕೆ ಕೊಡುತ್ತಿದ್ದ ಸಹಾಯಧನ ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್. ಅಷ್ಟು ದೊಡ್ಡ ಸಂಸ್ಥೆಯ ಆಯವ್ಯಯದಲ್ಲಿ ಅದು ಏನೂ ಅಲ್ಲ. ಆದರೆ ಕಪ್ಪು ಜನಾಂಗದ ಮಹತ್ವದ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಸಮಗ್ರ ಕೃತಿಗಳನ್ನು ಸಂಪುಟಗಳಲ್ಲಿ ತಂದದ್ದು ಆ ವಿಭಾಗ. ವಿದ್ವಾಂಸರೂ ಲೇಖಕರೂ ಸಿಡಿದೆದ್ದ ಮೇಲೆ ಆಗಸ್ಟಿನಲ್ಲಿ ನಿರ್ಧಾರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಂಪನಿಯ ಲೆಕ್ಕದಲ್ಲಿ ನಷ್ಟದ ಘಟಕವನ್ನು ಮುಚ್ಚುವುದು ಸಹಜ ವಿವೇಕ. ಮೂರು ವರ್ಷಗಳ ನಂತರ, ಆವರಣದಲ್ಲಿ ಕಪ್ಪು ವಿದ್ಯಾರ್ಥಿಗಳ ಮೇಲಿನ ಜನಾಂಗೀಯ ನಿಂದನೆಗೆ ಸ್ಪಂದಿಸಲಿಲ್ಲ ಎಂಬ ಆರೋಪ ಎದ್ದು, ಫುಟ್‌ಬಾಲ್ ತಂಡವೇ ಆಟ ನಿಲ್ಲಿಸುವುದಾಗಿ ಘೋಷಿಸಿದಾಗ, 2015ರ ನವೆಂಬರ್ 9ರಂದು ವುಲ್ಫ್ ರಾಜೀನಾಮೆ ಕೊಟ್ಟರು. ಅದೇ ದಿನ ಹುದ್ದೆ ಬಿಡುವುದಾಗಿ ಹೇಳಿದ ಕೊಲಂಬಿಯಾ ಆವರಣದ ಮುಖ್ಯಸ್ಥರು ವೃತ್ತಿಯಿಂದ ಭೌತವಿಜ್ಞಾನಿ ಎಂಬುದನ್ನೂ ಹೇಳಬೇಕು. ಆ ಬಿಕ್ಕಟ್ಟಿನ ಹೊಣೆಯನ್ನೆಲ್ಲ ಕಾರ್ಪೊರೇಟ್ ಹಿನ್ನೆಲೆಯ ಮೇಲೆ ಹೊರಿಸಲಾಗದು. ಪ್ರಕಟಣಾ ವಿಭಾಗದ ಪ್ರಸಂಗ ಮಾತ್ರ ನೇರವಾಗಿ ನಮ್ಮ ವಿಷಯಕ್ಕೆ ಸೇರಿದ್ದು.

ಅದನ್ನು ಮೈಸೂರಿಗೆ ತಂದು ನೋಡಿ. ಮೈಸೂರು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ಎಂದಾದರೂ ಲಾಭ ತರುವ ಘಟಕವಾಗಿತ್ತೇ? ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳು ವಿಜ್ಞಾನ, ಆರೋಗ್ಯ, ಚರಿತ್ರೆಗಳನ್ನು ಕೆಲವು ಆಣೆಗಳ ಬೆಲೆಗೆ ಹಳ್ಳಿಯ ಓದುಗರ ಕೈಗೆ ಕೊಟ್ಟವು. ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಮಾಲೆ ಪೂರ್ಣಗೊಳ್ಳಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಯಾವ ತ್ರೈಮಾಸಿಕ ಪರಿಶೀಲನಾ ಸಭೆಯೂ ಇಂಥ ಯೋಜನೆಯನ್ನು ಉಳಿಸುತ್ತಿರಲಿಲ್ಲ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೇ ಪದವಿ ತರಗತಿಗಳ ಶುಲ್ಕದ ಲೆಕ್ಕವಿಲ್ಲದೆ, ನಾಡು ನುಡಿಯ ಸಂಶೋಧನೆಗಾಗಿ. ಇವುಗಳ ಬೆಲೆ ಅರಿಯಲು ಕನ್ನಡ ಎಂ.ಎ. ಆಗಿರಬೇಕಿಲ್ಲ. ಆದರೆ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಸಂಪುಟವೊಂದು ಇಪ್ಪತ್ತು ವರ್ಷದ ನಂತರ ಒಬ್ಬ ಸಂಶೋಧಕನ ದಿಕ್ಕನ್ನೇ ಬದಲಿಸಿದ್ದನ್ನು ಕಂಡಿರಬೇಕು.

ಮೇರಿಲ್ಯಾಂಡಿನ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದ ಪ್ರಕರಣ ಇನ್ನೂ ಕಠೋರವಾದದ್ದು. ಸಲಹಾ ಸಂಸ್ಥೆಗಳಲ್ಲೂ ಖಾಸಗಿ ಬಂಡವಾಳ ಹೂಡಿಕೆಯಲ್ಲೂ ಪಳಗಿದ್ದ ಸೈಮನ್ ನ್ಯೂಮನ್ 2015ರಲ್ಲಿ ಅಲ್ಲಿ ಅಧ್ಯಕ್ಷರಾದರು. ಮೊದಲ ವರ್ಷದ ಎಷ್ಟು ವಿದ್ಯಾರ್ಥಿಗಳು ಎರಡನೆಯ ವರ್ಷಕ್ಕೂ ಉಳಿದರು ಎಂಬ ಅಂಕಿಯನ್ನು ಅಮೆರಿಕದ ವಿಶ್ವವಿದ್ಯಾಲಯಗಳು ವರದಿ ಮಾಡಬೇಕು. ಒಂದು ಗೊತ್ತಾದ ದಿನಾಂಕಕ್ಕೆ ಮೊದಲು ಬಿಟ್ಟುಹೋದವರು ಆ ಲೆಕ್ಕಕ್ಕೆ ಬರುವುದಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಸಮೀಕ್ಷೆಯೊಂದನ್ನು ಕೊಟ್ಟು, ಉಳಿಯುವುದು ಕಷ್ಟ ಎನಿಸಿದ 20ರಿಂದ 25 ಮಂದಿಯನ್ನು ಆ ದಿನಾಂಕಕ್ಕೆ ಮೊದಲೇ ಹೊರಡುವಂತೆ ಮಾಡಿ, ಉಳಿಕೆಯ ಪ್ರಮಾಣವನ್ನು ಶೇ 4ರಿಂದ 5ರಷ್ಟು ಏರಿಸುವುದು ಯೋಜನೆ. ವಿದ್ಯಾರ್ಥಿಗಳ ಪತ್ರಿಕೆ 2016ರ ಜನವರಿಯಲ್ಲಿ ಇದನ್ನು ಬಯಲಿಗೆಳೆಯಿತು. ಕೆಲವೇ ವಾರಗಳಲ್ಲಿ ಆ ಪತ್ರಿಕೆಯ ಸಲಹೆಗಾರರಾಗಿದ್ದ ಅಧ್ಯಾಪಕರನ್ನೂ, ಕಾಯಂ ಹುದ್ದೆಯಲ್ಲಿದ್ದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನೂ ಕೆಲಸದಿಂದ ತೆಗೆಯಲಾಯಿತು. ದೇಶದೆಲ್ಲೆಡೆಯಿಂದ ಪ್ರತಿಭಟನೆ ಬಂದು ಅವರಿಬ್ಬರನ್ನೂ ಮರಳಿ ಕರೆಯಬೇಕಾಯಿತು. ಫೆಬ್ರುವರಿ 29ರಂದು ನ್ಯೂಮನ್ ರಾಜೀನಾಮೆ ಕೊಟ್ಟರು. ಕಷ್ಟದಲ್ಲಿರುವ ವಿದ್ಯಾರ್ಥಿಯನ್ನು ಗುರುತಿಸುವ ಸಮೀಕ್ಷೆ ಒಳ್ಳೆಯದೇ. ಮೇಷ್ಟರ ಕೈಯಲ್ಲಿ ಅದು ಅವನಿಗೆ ನೆರವಾಗುವ ಸಾಧನ. ಅದೇ ಹಾಳೆ ಅಂಕಿಯನ್ನು ಕಾಯುವವರ ಕೈಯಲ್ಲಿ ಅವನನ್ನು ಹೊರಗಟ್ಟುವ ಸಾಧನವಾಯಿತು. ನ್ಯಾಕ್ ಶ್ರೇಣಿಗೂ ಎನ್‌ಐಆರ್‌ಎಫ್ ಸ್ಥಾನಕ್ಕೂ ಹಾತೊರೆಯುತ್ತಿರುವ ನಮ್ಮ ವಿಶ್ವವಿದ್ಯಾಲಯಗಳಿಗೆ ಈ ಪ್ರಕರಣ ದೂರದ್ದಲ್ಲ.

ಇದಕ್ಕೆ ಎದುರು ಸಾಕ್ಷ್ಯವಾಗಿ ಅಯೋವಾ ವಿಶ್ವವಿದ್ಯಾಲಯವನ್ನು ತೋರಿಸಬಹುದು. ಐಬಿಎಂನ ಹಿರಿಯ ಅಧಿಕಾರಿಯಾಗಿದ್ದ ಬ್ರೂಸ್ ಹ್ಯಾರೆಲ್ಡ್ ಅವರನ್ನು 2015ರಲ್ಲಿ ಅಲ್ಲಿ ಅಧ್ಯಕ್ಷರನ್ನಾಗಿಸಿದಾಗ ಅಧ್ಯಾಪಕರ ಸೆನೆಟ್ ಆಯ್ಕೆ ಮಾಡಿದ ಮಂಡಳಿಯ ಮೇಲೆಯೇ ಅವಿಶ್ವಾಸ ಸೂಚಿಸಿತು. ಆದರೂ ಅವರು ಸುಮಾರು ಐದೂವರೆ ವರ್ಷ ಉಳಿದರು. 2020ರಲ್ಲಿ ವಿಶ್ವವಿದ್ಯಾಲಯದ ವಿದ್ಯುತ್, ನೀರು ಮೊದಲಾದ ಸೌಕರ್ಯಗಳ ನಿರ್ವಹಣೆಯನ್ನು 50 ವರ್ಷಕ್ಕೆ ಖಾಸಗಿ ಸಂಸ್ಥೆಗಳಿಗೆ ವಹಿಸಿ 116.5 ಕೋಟಿ ಡಾಲರ್ ಪಡೆದು, ಅದರಿಂದ ದತ್ತಿನಿಧಿ ಕಟ್ಟಿದರು. ಆ ಒಪ್ಪಂದ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ಇನ್ನೂ ದಶಕಗಳು ಬೇಕು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹ್ಯಾರೆಲ್ಡ್ ಅಯೋವಾಕ್ಕೆ ಬರುವ ಮುನ್ನ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಕೆಲವು ವರ್ಷ ಹಿರಿಯ ಉಪನ್ಯಾಸಕರಾಗಿ ಪಾಠ ಹೇಳಿದ್ದರು. ಮೂವರಲ್ಲಿ ತರಗತಿ ಕಂಡಿದ್ದವರು ಅವರು, ವಿರೋಧದ ನಡುವೆಯೂ ಹೆಚ್ಚು ಕಾಲ ನಿಂತವರೂ ಅವರು. ಮೂರು ಪ್ರಕರಣಗಳಿಂದ ಸಿದ್ಧಾಂತ ಕಟ್ಟಲಾಗದು, ಆದರೆ ಅವು ತೋರಿಸುವ ದಿಕ್ಕು ಸ್ಪಷ್ಟ.

ದೊಡ್ಡ ಪ್ರಮಾಣದ ಅಧ್ಯಯನವೂ ಇದೆ. ಬ್ರಿಟನ್ನಿನ ವಿದ್ವಾಂಸೆ ಅಮಾಂಡಾ ಗುಡಾಲ್ ಜಗತ್ತಿನ ಅಗ್ರ 100 ವಿಶ್ವವಿದ್ಯಾಲಯಗಳನ್ನು ಪರಿಶೀಲಿಸಿದಾಗ, ಮೇಲಿನ ಸ್ಥಾನದಲ್ಲಿರುವವುಗಳ ಮುಖ್ಯಸ್ಥರು ಸಂಶೋಧಕರಾಗಿಯೂ ಎತ್ತರದಲ್ಲಿರುವುದು ಕಂಡುಬಂತು. ಒಳ್ಳೆಯ ಸಂಸ್ಥೆಗಳು ಒಳ್ಳೆಯ ವಿದ್ವಾಂಸರನ್ನು ಸೆಳೆಯುತ್ತವೆ, ಅಷ್ಟೆ ಎಂದು ಇದಕ್ಕೆ ಉತ್ತರಿಸಬಹುದಿತ್ತು. ಆದ್ದರಿಂದ ಅವರು ಬ್ರಿಟನ್ನಿನ 55 ಸಂಶೋಧನಾ ವಿಶ್ವವಿದ್ಯಾಲಯಗಳನ್ನು ವರ್ಷಗಳ ಉದ್ದಕ್ಕೆ ಗಮನಿಸಿದರು. ಹೆಚ್ಚು ಉಲ್ಲೇಖಗೊಂಡ ವಿದ್ವಾಂಸರು ಮುಖ್ಯಸ್ಥರಾದ ನಂತರದ ವರ್ಷಗಳಲ್ಲಿ ಸಂಸ್ಥೆಯ ಸಂಶೋಧನಾ ಸಾಧನೆ ಏರಿದ್ದು ಕಂಡಿತು. 2009ರಲ್ಲಿ ಪುಸ್ತಕವಾಗಿಯೂ ಬಂದ ಈ ಅಧ್ಯಯನದ ಮಿತಿಯನ್ನೂ ಹೇಳಬೇಕು: ಅದು ಸಂಶೋಧನಾ ಪ್ರಧಾನ ಸಂಸ್ಥೆಗಳದ್ದು, ನಮ್ಮಲ್ಲಿ ನೂರಾರು ಪದವಿ ಕಾಲೇಜುಗಳಿಗೆ ಪರೀಕ್ಷೆ ನಡೆಸುವುದೇ ವಿಶ್ವವಿದ್ಯಾಲಯದ ಅರ್ಧ ಕೆಲಸ. ಆದರೂ ಗುಡಾಲ್ ಕೊಡುವ ಕಾರಣ ಇಲ್ಲಿಗೂ ಹೊಂದುತ್ತದೆ. ಕೆಲಸದ ತಿರುಳನ್ನು ಬಲ್ಲ ಮುಖ್ಯಸ್ಥರು ಗುಣಮಟ್ಟದ ರೇಖೆಯನ್ನು ತಾವೇ ಎಳೆಯಬಲ್ಲರು, ಅವರ ಮಾತನ್ನು ಸಹೋದ್ಯೋಗಿಗಳು ನಂಬುತ್ತಾರೆ.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಇದು: ಪ್ರಾಧ್ಯಾಪಕರೇ ಕುಲಪತಿಗಳಾಗಿ ನಮ್ಮ ವಿಶ್ವವಿದ್ಯಾಲಯಗಳು ಯಾವ ಸ್ಥಿತಿಗೆ ಬಂದಿವೆ? ಖಾಲಿ ಹುದ್ದೆ, ಬಾಕಿ ಪಿಂಚಣಿ, ತಡವಾಗುವ ಫಲಿತಾಂಶ, ನೇಮಕಾತಿಯಲ್ಲಿ ಜಾತಿ, ಹಣ, ರಾಜಕೀಯ ಪ್ರಭಾವಗಳ ಮಾತು. 2025ರ ಫೆಬ್ರುವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿ ಹೊಸದಾಗಿ ಹುಟ್ಟಿದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸಿಗೆ ಬಂತು. ವಿದ್ವತ್ತು ಆಡಳಿತದ ಶಕ್ತಿಯನ್ನು ತಾನಾಗಿ ಕೊಡುವುದಿಲ್ಲ ಎಂಬುದಕ್ಕೆ ಬೆಂಗಳೂರಿನಲ್ಲೇ ದೊಡ್ಡ ನಿದರ್ಶನವಿದೆ. ಸರ್ ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ನೊಬೆಲ್ ಬಂದು ಮೂರೇ ವರ್ಷ. ಭೌತವಿಜ್ಞಾನಕ್ಕೆ ಅವರು ಕೊಟ್ಟ ಒತ್ತು, ಕೆಲಸದ ರೀತಿ, ಸಹೋದ್ಯೋಗಿಗಳೊಡನೆ ಬಂದ ಘರ್ಷಣೆಗಳೆಲ್ಲ ಸೇರಿ 1936ರಲ್ಲಿ ಇರ್ವಿನ್ ಸಮಿತಿಯ ಪರಿಶೀಲನೆಗೆ ದಾರಿಯಾದವು. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಡಬೇಕಾಯಿತು, ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು.

ಈ ಆಕ್ಷೇಪದ ಮೊದಲ ಭಾಗ ನಿಜ, ತೀರ್ಮಾನ ತಪ್ಪು. ಹಣಕಾಸು, ಕಟ್ಟಡ, ಖರೀದಿ, ಪರೀಕ್ಷಾ ವ್ಯವಸ್ಥೆ, ಗಣಕೀಕರಣಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳಿಗೆ ವೃತ್ತಿಪರ ಕೈಗಳು ಖಂಡಿತ ಬೇಕು. ಅದಕ್ಕೆಂದೇ ಹುದ್ದೆಗಳಿವೆ. 2000ದ ಕಾಯ್ದೆಯಲ್ಲಿ ಕುಲಸಚಿವರು, ಮೌಲ್ಯಮಾಪನದ ಕುಲಸಚಿವರು, ಹಣಕಾಸು ಅಧಿಕಾರಿ ಎಂದು ಬೇರೆಬೇರೆಯಾಗಿ ಹೆಸರಿಸಲಾಗಿದೆ. ಆಡಳಿತದ ಕುಲಸಚಿವ ಹುದ್ದೆಗೆ ಕೆಎಎಸ್ ಅಧಿಕಾರಿಗಳು ಬರುವುದು ರೂಢಿಯಾಗಿರುವಾಗ, ಬ್ಯಾಂಕಿನಲ್ಲೋ ದೊಡ್ಡ ಕಂಪನಿಯಲ್ಲೋ ಲೆಕ್ಕ ನೋಡಿಕೊಂಡವರು ಹಣಕಾಸು ಅಧಿಕಾರಿಯಾಗಿ ಏಕೆ ಬರಬಾರದು? ಲಕ್ಷಾಂತರ ಉತ್ತರಪತ್ರಿಕೆಗಳ ಸಾಗಣೆ ಮತ್ತು ಮೌಲ್ಯಮಾಪನದ ಹೊಣೆಯನ್ನು ಸರಕು ಸಾಗಣೆಯಲ್ಲಿ ಪಳಗಿದವರು ಏಕೆ ಹೊರಬಾರದು? ಕಾರ್ಪೊರೇಟ್ ಕೌಶಲ ನಿಜವಾಗಿ ಬೇಕಿರುವ ಜಾಗ ಅದು. ಕುಲಪತಿಗೆ ಲೆಕ್ಕ ತಿಳಿಯದಿದ್ದರೆ ಲೆಕ್ಕ ಬಲ್ಲವರು ಪಕ್ಕದಲ್ಲಿರುತ್ತಾರೆ. ವಿದ್ಯೆಯ ತಿರುಳು ತಿಳಿಯದಿದ್ದರೆ ಆ ಕೊರತೆ ತುಂಬುವ ಹುದ್ದೆ ಕಾಯ್ದೆಯಲ್ಲಿ ಇಲ್ಲ. ಇನ್ನು ಹಣ, ಜಾತಿ, ಪ್ರಭಾವಗಳ ವಿಷಯ. ಅವು ಆಯ್ಕೆಯ ರೀತಿಯಲ್ಲಿರುವ ರೋಗ. ಅರ್ಹತೆಯ ಪಟ್ಟಿಯನ್ನು ಹಿಗ್ಗಿಸಿದರೆ ಪ್ರಭಾವ ಬೀರುವವರಿಗೆ ಆಯ್ಕೆಯ ಕಣ ಇನ್ನಷ್ಟು ವಿಶಾಲವಾಗುತ್ತದೆ.

ಚರಿತ್ರೆಯಿಂದ ಎತ್ತಬಹುದಾದ ಆಕ್ಷೇಪ ಇನ್ನೂ ಕುತೂಹಲದ್ದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ವೃತ್ತಿಯಿಂದ ಪ್ರಾಧ್ಯಾಪಕರಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿ, ದಿವಾನರ ಕೌನ್ಸಿಲಿನ ಸದಸ್ಯರಾಗಿ ದುಡಿದವರು. ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಸಂಶೋಧನೆಯ ಕೇಂದ್ರವಾಗಿಸಿದ ಆಶುತೋಷ್ ಮುಖರ್ಜಿ ಕುಲಪತಿಯಾಗಿದ್ದ ಕಾಲದಲ್ಲೂ ಹೈಕೋರ್ಟ್ ನ್ಯಾಯಾಧೀಶರಾಗಿದ್ದರು. ಹಾಗಾದರೆ ಹೊರಗಿನವರು ಬಂದದ್ದರಿಂದ ಒಳ್ಳೆಯದೇ ಆಗಿದೆಯಲ್ಲ? ಆಗಿದೆ. ಆದರೆ ಅವರು ಎಂಥ ಹೊರಗಿನವರು ಎಂದು ನೋಡಬೇಕು. ನಂಜುಂಡಯ್ಯನವರು ಕನ್ನಡದಲ್ಲಿ ಗ್ರಂಥ ಬರೆದವರು, ಮೈಸೂರು ಸೀಮೆಯ ಬುಡಕಟ್ಟು ಮತ್ತು ಜಾತಿಗಳ ಅಧ್ಯಯನಕ್ಕೆ ವರ್ಷಗಟ್ಟಲೆ ಶ್ರಮಿಸಿದವರು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರು. ಮುಖರ್ಜಿ ಯೌವನದಲ್ಲೇ ಗಣಿತದಲ್ಲಿ ಸ್ವಂತ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದರು. ಸಂಬಳದ ಹುದ್ದೆ ಬೇರೆ ಇದ್ದರೂ ಇಬ್ಬರೂ ವಿದ್ವತ್ತಿನ ಲೋಕದ ಒಳಗಿನವರೇ. ರಾಮನ್ ಕೂಡ ಹಾಗೆಯೇ ಬಂದರು. 1907ರಿಂದ ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದ ಅವರು, ಕಚೇರಿಗೆ ಮೊದಲೂ ಆಮೇಲೂ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಕೂತು ಸಂಶೋಧನೆ ನಡೆಸಿ, 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಲಿತ್ ಪ್ರಾಧ್ಯಾಪಕರಾದರು. ಹೊರಗಿನ ವೃತ್ತಿಯಿಂದ ವಿಶ್ವವಿದ್ಯಾಲಯಕ್ಕೆ ಬಂದವರಲ್ಲಿ ನಮ್ಮ ದೇಶ ಕಂಡ ಅತಿ ದೊಡ್ಡ ಉದಾಹರಣೆ ಅದು.

ಯುಜಿಸಿಯ ಕರಡಿನಲ್ಲೂ ಇಂಥದ್ದೊಂದು ಮಾತಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಉದ್ಯಮದಿಂದ ಬರುವವರು ಗಣನೀಯವಾದ ಶೈಕ್ಷಣಿಕ ಅಥವಾ ವಿದ್ವತ್ತಿನ ಕೊಡುಗೆ ನೀಡಿರಬೇಕು ಎಂದು ಅದು ಹೇಳುತ್ತದೆ. ಆದರೆ ಕೊಡುಗೆಯೆಂದರೆ ಏನು? ನಾಲ್ಕು ಸಮ್ಮೇಳನಗಳ ದಿಕ್ಸೂಚಿ ಭಾಷಣವೇ, ಸಹಾಯಕರು ಬರೆದುಕೊಟ್ಟ ಪುಸ್ತಕವೇ, ಕಾಲೇಜೊಂದರ ಸಲಹಾ ಮಂಡಳಿಯ ಸದಸ್ಯತ್ವವೇ? ಪ್ರಾಧ್ಯಾಪಕರ ವಿಷಯದಲ್ಲಿ ಅಧ್ಯಾಪನದ ವರ್ಷಗಳನ್ನು ಎಣಿಸಿ ನೋಡುವ ನಿಯಮ, ಉದ್ಯಮದವರ ವಿಷಯದಲ್ಲಿ ಒಂದು ವಿಶೇಷಣಕ್ಕೆ ತೃಪ್ತಿಪಡುವುದೇಕೆ? ಎಣಿಸಬಹುದಾದ, ಪರಿಶೀಲಿಸಬಹುದಾದ ಅಳತೆಯೊಂದೇ: ಇಷ್ಟು ವರ್ಷ ಪೂರ್ಣಾವಧಿ ಪಾಠ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವನ್ನೂ ಈ ಚರ್ಚೆಯಲ್ಲಿ ಬಿಡಲಾಗದು. ರಾಜ್ಯದ ಶಾಸನಸಭೆ 2010ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ ಅದರ ಮೊದಲ ಕುಲಪತಿ ಅನುರಾಗ್ ಬೆಹರ್ ವಿಪ್ರೋದಿಂದ ಬಂದವರು. ಆ ಸಂಸ್ಥೆ ಶಿಕ್ಷಣ, ಅಭಿವೃದ್ಧಿ ಅಧ್ಯಯನಗಳಲ್ಲಿ ಒಳ್ಳೆಯ ಹೆಸರು ಗಳಿಸಿದೆ. ಆದರೆ ಅದರ ಹಿಂದೆ 2000ದ ಹೊತ್ತಿನಿಂದ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಿದ ಪ್ರತಿಷ್ಠಾನವಿತ್ತು, ಶುಲ್ಕವನ್ನು ನೆಚ್ಚಬೇಕಿಲ್ಲದ ದತ್ತಿಯಿತ್ತು, ಸಂಸ್ಥೆಯನ್ನು ಮೊದಲ ದಿನದಿಂದ ತಮ್ಮ ಕಲ್ಪನೆಯಂತೆ ಕಟ್ಟುವ ಸ್ವಾತಂತ್ರ್ಯವಿತ್ತು. ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೋ ಹೋಗುವ ಕುಲಪತಿಗೆ ಈ ಮೂರೂ ಇರುವುದಿಲ್ಲ. ಅವರ ಕೈಗೆ ಬರುವುದು ದಶಕಗಳ ಪರಂಪರೆ, ಹಳೆಯ ಒಪ್ಪಂದಗಳು, ಖಾಲಿ ಬೊಕ್ಕಸ ಮತ್ತು ನಾಲ್ಕು ವರ್ಷದ ಅವಧಿ. ವಿಶ್ವವಿದ್ಯಾಲಯವೆಂದರೆ ಏನೆಂದು ಕಲಿಯಲು ಅದರಲ್ಲಿ ಎರಡು ವರ್ಷ ಕಳೆದರೆ ಉಳಿಯುವುದೇನು?

ಕೊನೆಯ ಆಕ್ಷೇಪ ಒಳಗಿನವರದ್ದು, ನನಗೆ ಅತಿ ಭಾರವಾಗಿ ಕಾಣುವುದೂ ಅದೇ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನ ಹೆಚ್ಚಿಸಿ, ಜೊತೆಗೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿದಾಗ ಅನೇಕರು ಇದ್ದ ಕೆಲಸವನ್ನೇ ಕಳೆದುಕೊಂಡರು. ಹದಿನೈದು ಇಪ್ಪತ್ತು ವರ್ಷ ಹೀಗೆ ದುಡಿದವರು ಕಾಯಂ ಆಗದೆ ಕಾಯುತ್ತಿರುವಾಗ, ಕೈತುಂಬ ಸಂಪಾದಿಸಿ ಬಂದವರಿಗೆ ಜಾಗ ಕೊಡುವುದು ಯಾವ ನ್ಯಾಯ? ಈ ಪ್ರಶ್ನೆಗೆ ಜಾರಿಕೆಯ ಉತ್ತರ ಸಲ್ಲದು. ಉದ್ಯಮದಿಂದ ಬರುವವರ ಹುದ್ದೆಗಳು ಖಾಲಿ ಹುದ್ದೆಗಳ ಭರ್ತಿಗೆ ಬದಲಿಯಾಗಕೂಡದು. ಹೆಚ್ಚುವರಿಯಾಗಿಯೇ ಸೃಷ್ಟಿಯಾಗಬೇಕು, ಮೀಸಲಾತಿಯ ನಿಯಮಕ್ಕೂ ಒಳಪಡಬೇಕು. ಒಂದು ವಿಭಾಗದಲ್ಲಿ ಮಂಜೂರಾದ ಹುದ್ದೆಗಳ ಮುಕ್ಕಾಲು ಪಾಲು ಭರ್ತಿಯಾಗದ ಹೊರತು ಅಲ್ಲಿಗೆ ಇಂಥ ನೇಮಕ ಬೇಡ ಎಂಬ ಷರತ್ತನ್ನೂ ಹಾಕಬಹುದು. ಅತಿಥಿ ಉಪನ್ಯಾಸಕರ ಹಕ್ಕನ್ನು ಮೆಟ್ಟಿ ಬರುವ ಯಾವ ಅನುಭವಿಯೂ ಆ ವಿಭಾಗದಲ್ಲಿ ಗೌರವ ಗಳಿಸಲಾರ.

ಈ ಎಚ್ಚರಗಳೊಡನೆ ದಾರಿಯನ್ನು ಹೀಗೆ ರೂಪಿಸಬಹುದು. ಪ್ರೊಫೆಸರ್ ಆಫ್ ಪ್ರ್ಯಾಕ್ಟಿಸ್‌ನ ನಾಲ್ಕು ವರ್ಷದ ಮಿತಿ ತೆಗೆದು, ಐದು ವರ್ಷ ಪೂರ್ಣಾವಧಿ ಪಾಠ ಹೇಳಿದವರನ್ನು ಸಹೋದ್ಯೋಗಿಗಳೂ ಹೊರಗಿನ ವಿದ್ವಾಂಸರೂ ಪರಿಶೀಲಿಸಿ ಕಾಯಂಗೊಳಿಸುವ ಅವಕಾಶ ಇರಬೇಕು. ಆ ಐದು ವರ್ಷಗಳಲ್ಲಿ ಅವರು ಸ್ನಾತಕೋತ್ತರ ತರಗತಿಗೆ ಮಾತ್ರವಲ್ಲ, ಪದವಿಯ ಮೊದಲ ಸೆಮಿಸ್ಟರಿಗೂ ಪಾಠ ಹೇಳಬೇಕು, ಮೌಲ್ಯಮಾಪನ ಕೇಂದ್ರದಲ್ಲಿ ಕೂರಬೇಕು, ಅಧ್ಯಯನ ಮಂಡಳಿಯಲ್ಲಿ ಒಂದು ಪಠ್ಯಕ್ರಮವನ್ನಾದರೂ ಆರಂಭದಿಂದ ಕೊನೆಯವರೆಗೆ ರೂಪಿಸಿರಬೇಕು. ಅಲ್ಲಿಂದ ವಿಭಾಗದ ಮುಖ್ಯಸ್ಥಿಕೆ, ನಿಕಾಯದ ಡೀನ್ ಹುದ್ದೆ, ಆಮೇಲೆ ಕುಲಪತಿ ಹುದ್ದೆಯ ಅರ್ಹತೆ. ಐವತ್ತರಲ್ಲಿ ಬಂದವರಿಗೆ ಇಷ್ಟಕ್ಕೆ ಕಾಲ ಸಾಲದು, ಯಾರೂ ಬರಲಾರರು ಎನ್ನುವವರಿದ್ದಾರೆ. ನಲವತ್ತೈದರಲ್ಲಿ ಬಂದರೆ ಸಾಲುತ್ತದೆ. ಕುರ್ಚಿ ಸಿಗದಿದ್ದರೆ ಬರುವುದೇ ಇಲ್ಲ ಎನ್ನುವವರು ತರಗತಿಗಾಗಿ ಹೊರಟವರಲ್ಲ, ಅವರಿಗಾಗಿ ನಿಯಮ ಬದಲಿಸಬೇಕಿಲ್ಲ.

ಸಂಬಳದ ಪ್ರಶ್ನೆ ಅಷ್ಟು ಸುಲಭವಲ್ಲ. ಈಗಿನ ಮಾರ್ಗಸೂಚಿಯಲ್ಲಿ ಮೂರು ದಾರಿಗಳಿವೆ: ಉದ್ಯಮವೇ ಕೊಡುವುದು, ಸಂಸ್ಥೆ ತನ್ನ ಸಂಪನ್ಮೂಲದಿಂದ ಕೊಡುವುದು, ಗೌರವ ನೆಲೆಯಲ್ಲಿ ದುಡಿಯುವುದು. ಉದ್ಯಮ ಹಣ ಕೊಡುವುದು ತನಗೆ ಹತ್ತಿರದ ಆವರಣಕ್ಕೆ, ಅಂದರೆ ಬೆಂಗಳೂರಿಗೆ. ಸ್ವಂತ ಸಂಪನ್ಮೂಲ ಇರುವುದು ಶುಲ್ಕ ಹೆಚ್ಚಿರುವ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಕಲಬುರಗಿಗೂ ಚಾಮರಾಜನಗರಕ್ಕೂ ಉಳಿಯುವುದು ಗೌರವ ನೆಲೆಯೊಂದೇ, ಅಲ್ಲಿಗೆ ವಾರದಲ್ಲಿ ನಾಲ್ಕು ದಿನ ಸಂಬಳವಿಲ್ಲದೆ ಹೋಗಿ ಪಾಠ ಹೇಳುವವರು ವಿರಳ. ಆದ್ದರಿಂದ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಕೈಯಲ್ಲಿ ಒಂದು ನಿಧಿ ಇಟ್ಟು, ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ನಿರ್ದಿಷ್ಟ ವ್ಯಕ್ತಿಗೋ ಆವರಣಕ್ಕೋ ಅಲ್ಲದೆ ಆ ನಿಧಿಗೆ ಕೊಡುವಂತೆ ಕೇಳಬೇಕು. ಅದರಿಂದ ಪ್ರಾಧ್ಯಾಪಕರ ವೇತನ ಶ್ರೇಣಿಗೆ ಸಮನಾದ ಸಂಬಳ ಕೊಟ್ಟು, ಮೊದಲ ನೇಮಕಗಳೆಲ್ಲ ಬೆಂಗಳೂರಿನ ಹೊರಗಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೇ ಹೋಗುವಂತೆ ನೋಡಿಕೊಳ್ಳಬೇಕು. ಇಂಥ ನಿಧಿಗೆ ಯುಜಿಸಿಯ ಅಂತಿಮ ನಿಯಮಾವಳಿಯ ತನಕ ಕಾಯಬೇಕಿಲ್ಲ, ರಾಜ್ಯದ ಮುಂದಿನ ಆಯವ್ಯಯದಲ್ಲೇ ಅದಕ್ಕೊಂದು ಸಾಲು ಸೇರಿಸಬಹುದು.